ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡೆ?

 

*ಇಂದಿನ ಚಿಂತನೆ: ನಾಲ್ಕನೆಯ ಶೀಲ*

ಈ ವಾರ ಬರೆಯುವ ಸರದಿ ನನ್ನದು. ದಿನಾ ಬರುವುದಕ್ಕಿಂತ ಇಂದಿನದು ಉದ್ದವಾಗಿದೆ, ಕ್ಷಮಿಸಿ. ಬೆಳಗಿನ ಗಡಿಬಿಡಿ ಮುಗಿದ ಮೇಲೆ ಕುಳಿತು ಓದಿದರೂ ಸಾಕು. ನನ್ನ ಮನೆಯದೇ ಒಂದು ವಿಷಯ ಹೇಳಬೇಕಾಗಿದೆ. ಯಾರ ವಿಷಯವೋ ಅವನಿಗೆ ಓದಲು ಕೊಟ್ಟು, ಅವನು ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ.

ಕಳೆದ ಭಾನುವಾರ ನಾವು ಮಜ್ಝಿಮ ನಿಕಾಯದ ಅಂಬಲಟ್ಠಿಕಾ ರಾಹುಲೋವಾದ ಸುತ್ತವನ್ನು ಓದಿದೆವು. ಭಗವಾನರು ರಾಹುಲನಿದ್ದಲ್ಲಿಗೆ ಬರುತ್ತಾರೆ. ಹುಡುಗ ಆಸನ ಹಾಕಿ, ಕಾಲು ತೊಳೆಯಲು ನೀರಿಡುತ್ತಾನೆ. ಭಗವಾನರು ಕಾಲು ತೊಳೆದು, ಪಾತ್ರೆಯಲ್ಲಿ ತುಸು ನೀರು ಉಳಿಸಿ, ಗೊತ್ತಿದ್ದೂ ಸುಳ್ಳು ಹೇಳಲು ನಾಚದವನ ಸಾಧನೆ ಇಷ್ಟೇ ಎಂದು ತೋರಿಸುತ್ತಾರೆ. ಆಮೇಲೆ ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆಯನ್ನು ಕವುಚಿ ಹಾಕುತ್ತಾರೆ. ಮತ್ತೆ ನೆಟ್ಟಗೆ ಮಾಡಿ ಅದರ ಖಾಲಿ ಹೊಟ್ಟೆಯನ್ನು ತೋರಿಸುತ್ತಾರೆ.

ಅಂದು ಎಲ್ಲರೂ ಮಕ್ಕಳಿಗೆ ಸತ್ಯ ಹೇಳಲು ಕಲಿಸುವುದು ಹೇಗೆ ಎಂದು ಚೆನ್ನಾಗಿ ಮಾತಾಡಿದಿರಿ. ಟೀಚರ್ ಆಗಿಯೂ ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದು ಒಬ್ಬರು ಆಮೇಲೆ ಕೇಳಿದ್ದರು. ಇದು ಅವರಿಗೆ ಉತ್ತರ.

*ಮಾತ್ರೆ*

ನನ್ನ ಅಕ್ಕನ ಮಗ ಪಿಕಪ್ ಓಡಿಸುತ್ತಿದ್ದ. ಕೋರೆಯಿಂದ ಮುರಕಲ್ಲು ಸಾಗಿಸುವ ಕೆಲಸ. ಒಂದು ದಿನ ಲೋಡ್ ಇಳಿಸುವಾಗ ಜಾರಿ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಹತ್ತು ದಿನಕ್ಕೆಂದು ನೋವಿನ ಮಾತ್ರೆ ಬರೆದುಕೊಟ್ಟರು. ಟಪೆಂಟಡಾಲ್ ಅದರ ಹೆಸರು. ಹತ್ತು ದಿನ ಮುಗಿಯಿತು, ನೋವು ಮುಗಿಯಲಿಲ್ಲ. ಆಮೇಲೆ ನೋವಿಗೂ ಮಾತ್ರೆಗೂ ಸಂಬಂಧ ತಪ್ಪಿತು. ಯಾರ್ಯಾರ ಮೂಲಕವೋ ತರಿಸಿಕೊಂಡು ದಿನಕ್ಕೆ ಹತ್ತು ಹನ್ನೆರಡು ನುಂಗುವಲ್ಲಿಗೆ ಬಂದ. ಆ ಮಾತ್ರೆ ಅಫೀಮಿನ ಬಳಗಕ್ಕೆ ಸೇರಿದ್ದು, ಡಾಕ್ಟರುಗಳು ಒಪಿಯಾಯ್ಡ್ ಎನ್ನುತ್ತಾರೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಇದೇ ಮಾತ್ರೆಯ ಚಟದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2020ರಲ್ಲೇ ಬರೆದಿದ್ದಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು ಇಬ್ಬರು ಯಾವುದಾದರೊಂದು ರೂಪದಲ್ಲಿ ಒಪಿಯಾಯ್ಡ್ ಬಳಸುತ್ತಾರೆ. ನಮಗೆ ಮಾತ್ರ ಇದು ಪೇಟೆಯವರ ಕಾಯಿಲೆ, ಸಿನಿಮಾದ ಕಾಯಿಲೆ ಅನಿಸಿತ್ತು.

ನಮ್ಮ ತಾಲೂಕಿನಲ್ಲಿ ಮದ್ಯವರ್ಜನ ಶಿಬಿರ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗಿ ಬಂದು ಸಂಸಾರ ನೆಟ್ಟಗೆ ಮಾಡಿಕೊಂಡವರನ್ನು ನೋಡಿದ್ದೇವೆ. ಹಾಗಾಗಿ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಮನಸ್ಸು ಗಟ್ಟಿ ಮಾಡಬೇಕು. ಆ ಮಾತನ್ನು ಅತಿ ಹೆಚ್ಚು ಸಲ ಹೇಳಿದವಳು ನಾನು. ಆಸ್ಪತ್ರೆಗೆ ಹೋಗುವ ಎರಡು ದಿನ ಮೊದಲು ಅವನ ಕೈ ಹಿಡಿದು ಅಕ್ಕನ ತಲೆಯ ಮೇಲೆ ಇಡಿಸಿದೆ. "ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡು" ಎಂದೆ. ಮಾಡಿದ. ಅಕ್ಕ ಅತ್ತಳು. ನನಗೆ ದೊಡ್ಡ ಕೆಲಸ ಮಾಡಿದ ಸಮಾಧಾನ.

*ಆ ದಿನ*

ನಾರಾವಿಯಿಂದ ಮೂಡುಬಿದಿರೆ, ಅಲ್ಲಿಂದ ಮಂಗಳೂರು. ಅಕ್ಕ, ಭಾವ, ನಾನು, ಅವನು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡೆ?"

ಅವನು ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. "ಮೊನ್ನೆ ರಾತ್ರಿ" ಅಂದ.

ಡಾಕ್ಟರು ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಬಸ್ಸಿನ ಸೆಕೆಗೂ ಹೆದರಿಕೆಗೂ ಅವನು ಬೆವರಿದ್ದ, ಕೈ ನಡುಗುತ್ತಿತ್ತು, ನಾಡಿ ಜೋರಾಗಿತ್ತು. ಎರಡು ದಿನ ಬಿಟ್ಟವನ ಹಾಗೆಯೇ ಕಾಣುತ್ತಿದ್ದ. ನಾಲಿಗೆಯಡಿ ಇಟ್ಟು ಕರಗಿಸುವ ಬುಪ್ರೆನಾರ್ಫಿನ್ ಎಂಬ ಮದ್ದು ಕೊಟ್ಟರು.

ಒಂದು ಗಂಟೆಯೊಳಗೆ ಶುರುವಾಯಿತು. ಮೈಯೆಲ್ಲ ಮುಳ್ಳೆದ್ದಿತು. ಕಣ್ಣು ಮೂಗಿನಲ್ಲಿ ನೀರು. ವಾಂತಿ, ಭೇದಿ, ಹೊಟ್ಟೆ ಹಿಡಿದು ನೆಲದಲ್ಲಿ ಹೊರಳಾಟ. ಮಾತ್ರೆ ಸಿಗದ ದಿನಗಳಲ್ಲಿ ಅವನು ಒದ್ದಾಡಿದ್ದನ್ನು ನಾವು ನೋಡಿದ್ದೆವು, ಆದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಏರುತ್ತಿತ್ತು. ಇದು ಒಮ್ಮೆಲೇ ಮೈಮೇಲೆ ಬಿದ್ದಿತು. "ನನ್ನ ಮಗನಿಗೆ ವಿಷ ಕೊಟ್ಟರು" ಎಂದು ಅಕ್ಕ ವರಾಂಡದಲ್ಲಿ ಕೂಗಿಕೊಂಡಳು. ಇದು ತಾತ್ಕಾಲಿಕ, ನಾವು ನೋಡಿಕೊಳ್ಳುತ್ತೇವೆ, ಕರೆದುಕೊಂಡು ಹೋಗಬೇಡಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ನಾವು ಕೇಳಲಿಲ್ಲ. ಸಹಿ ಹಾಕಿ ರಾತ್ರಿಯೇ ಕರೆತಂದೆವು. ಮರುದಿನ ಸಂಜೆಗೆ ಅವನು ಮತ್ತೆ ಹಳೆಯ ಮಾತ್ರೆಗೆ ಹೋಗಿದ್ದ. ಆ ಮದ್ದು ಆಗಿಬರುವುದಿಲ್ಲ ಎಂದು ನಾನೇ ನಾಲ್ಕು ಮನೆಗಳಲ್ಲಿ ಹೇಳಿಕೊಂಡು ಬಂದೆ.

ಏಳು ತಿಂಗಳು ಹೀಗೆ ಹೋಯಿತು.

*ನಿಜವಾಗಿ ಆದದ್ದೇನು?*

ಇದನ್ನು ಡಾಕ್ಟರು ನನಗೆ ಆಮೇಲೆ ತಾಳ್ಮೆಯಿಂದ ವಿವರಿಸಿದರು. ನನಗೆ ಅರ್ಥವಾದಷ್ಟನ್ನು ನಮ್ಮೂರಿನ ಭಾಷೆಯಲ್ಲಿ ಹೇಳುತ್ತೇನೆ.

ಮೆದುಳಿನಲ್ಲಿ ಇಂಥ ಮಾತ್ರೆಗಳು ಹೋಗಿ ಕೂರುವ ಜಾಗಗಳಿವೆ. ಟಪೆಂಟಡಾಲ್, ಹೆರಾಯಿನ್ ಮುಂತಾದವು ಅಲ್ಲಿ ಕೂತು ಪೂರ್ತಿ ಕೆಲಸ ಮಾಡುತ್ತವೆ. ಬುಪ್ರೆನಾರ್ಫಿನ್ ಅದೇ ಜಾಗದಲ್ಲಿ ಕೂರುತ್ತದೆ, ಹಿಡಿತ ಬಹಳ ಬಿಗಿ, ಆದರೆ ಕೆಲಸ ಅರ್ಧ. ಜಾಗ ಖಾಲಿಯಾಗಿ ಮೈ ಒದ್ದಾಡುತ್ತಿರುವಾಗ ಈ ಅರ್ಧವೇ ದೊಡ್ಡ ನೆಮ್ಮದಿ. ಹಳೆಯ ಮಾತ್ರೆ ಇನ್ನೂ ಕೂತಿರುವಾಗ ಕೊಟ್ಟರೆ ಇದು ಅದನ್ನು ತಳ್ಳಿ ತಾನು ಕೂರುತ್ತದೆ. ಪೂರ್ತಿ ಇದ್ದ ಮೈ ಒಮ್ಮೆಲೇ ಅರ್ಧಕ್ಕೆ ಬೀಳುತ್ತದೆ.

ಅಡಿಕೆ ಮರವನ್ನು ನೆನೆಸಿಕೊಳ್ಳಿ. ಬುಡದಲ್ಲಿ ನಿಂತವನನ್ನು ಮರದ ನಡುವಿನವರೆಗೆ ಎತ್ತಿದರೆ ಅವನಿಗೆ ಅದು ಏರಿಕೆ. ತುದಿಯಲ್ಲಿ ಇದ್ದವನನ್ನು ಕಾಲು ಹಿಡಿದು ಅದೇ ನಡುವಿಗೆ ಎಳೆದರೆ ಅವನಿಗೆ ಅದು ಬೀಳುವುದು. ಮರ ಒಂದೇ, ನಡು ಒಂದೇ, ಮದ್ದೂ ಒಂದೇ. ಅವನು ಆಗ ಎಲ್ಲಿದ್ದಾನೆ ಎಂಬುದು ಗೊತ್ತಿರಬೇಕು.

ಅದಕ್ಕಾಗಿಯೇ ಕಾಯಿಸುತ್ತಾರೆ. ಬೇಗ ಕರಗುವ ಮಾತ್ರೆಯಾದರೆ ಸಾಮಾನ್ಯವಾಗಿ 12ರಿಂದ 24 ಗಂಟೆ. ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವಂಥದ್ದಾದರೆ ಇನ್ನೂ ಹೆಚ್ಚು. ಗಡಿಯಾರ ಮಾತ್ರ ನೋಡುವುದಿಲ್ಲ, 11 ಲಕ್ಷಣಗಳ ಒಂದು ಪಟ್ಟಿ ಇಟ್ಟುಕೊಂಡು ಅಂಕ ಹಾಕುತ್ತಾರೆ: ನಾಡಿ, ಬೆವರು, ಚಡಪಡಿಕೆ, ಕಣ್ಣಿನ ಪಾಪೆಯ ಗಾತ್ರ, ಮೂಳೆ ನೋವು, ಮೂಗು ಸೋರುವುದು, ಹೊಟ್ಟೆ, ನಡುಕ, ಆಕಳಿಕೆ, ಕಳವಳ, ಮೈ ಮುಳ್ಳೇಳುವುದು. ಅಂಕ ಸಾಕಷ್ಟು ಏರಿದ ಮೇಲೆ ಸಣ್ಣ ಪ್ರಮಾಣದಿಂದ ಶುರು. ಇಷ್ಟೆಲ್ಲ ಲೆಕ್ಕಾಚಾರಕ್ಕೆ ತಳಪಾಯ ಆ ಒಂದು ಪ್ರಶ್ನೆ. ಅದರ ಉತ್ತರ ಸುಳ್ಳಾದರೆ ಒಳ್ಳೆಯ ಮದ್ದೂ ಮೈಯನ್ನು ನೆಲಕ್ಕೆ ಕೆಡವುತ್ತದೆ.

*ಕತ್ತಲೆಯಲ್ಲಿ ಬಂದ ಉತ್ತರ*

ಆಟಿ ತಿಂಗಳ ಒಂದು ರಾತ್ರಿ. ಮಳೆಗೆ ಕರೆಂಟು ಹೋಗಿತ್ತು. ಅಕ್ಕ ಮಲಗಿದ್ದಳು. ಅವನೂ ನಾನೂ ಜಗಲಿಯಲ್ಲಿ ಕೂತಿದ್ದೆವು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

"ಚಿಕ್ಕಮ್ಮ, ಆ ದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ನಾನು ಐದು ಮಾತ್ರೆ ತೆಗೆದುಕೊಂಡಿದ್ದೆ."

"ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಸ್ವಲ್ಪ ಹೊತ್ತು ಮಳೆಯ ಸದ್ದೇ ಇತ್ತು.

"ನೀವೆಲ್ಲ ಇದ್ದಿರಲ್ಲ."

ಇಷ್ಟೇ ಹೇಳಿದ. ಬೈಯಲಿಲ್ಲ, ದೂರಲಿಲ್ಲ. ಅಮ್ಮನ ತಲೆ ಮುಟ್ಟಿ ಆಣೆ ಮಾಡಿ ಎರಡೇ ದಿನ ಆಗಿತ್ತು. ಆ ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಆಣೆ ಮಾಡಿಸಿದ ಟೀಚರ್ ಹಿಂದೆ ನಿಂತಿದ್ದಳು. "ಇವತ್ತು ಬೆಳಿಗ್ಗೆ" ಎಂಬ ಎರಡು ಪದಗಳಿಗೆ ಅವನು ತೆರಬೇಕಿದ್ದ ಬೆಲೆ ಎಷ್ಟು! ಅಷ್ಟು ಬೆಲೆ ಕೊಡಲು ಅವನಲ್ಲಿ ಶಕ್ತಿ ಇರಲಿಲ್ಲ. ಆ ಬೆಲೆಯನ್ನು ಅಷ್ಟು ಎತ್ತರಕ್ಕೆ ಏರಿಸಿದವಳು ನಾನು.

ಐದನೆಯ ಶೀಲವನ್ನು ಅವನಿಂದ ಪಾಲಿಸಲು ಹೊರಟು, ನಾಲ್ಕನೆಯದನ್ನು ನಾನೇ ಅವನ ಕೈಯಿಂದ ಮುರಿಸಿದೆ.

*ರಾಹುಲನ ಸುತ್ತವನ್ನು ಇನ್ನೊಮ್ಮೆ*

ಈಗ ಸುತ್ತದ ಎರಡನೆಯ ಭಾಗಕ್ಕೆ ಬನ್ನಿ. ನೀರಿನ ಪಾತ್ರೆಯ ಕಥೆ ಎಲ್ಲರಿಗೂ ನೆನಪಿರುತ್ತದೆ, ಇದು ಮರೆತುಹೋಗುತ್ತದೆ. ಭಗವಾನರು ಕನ್ನಡಿಯ ಹೋಲಿಕೆ ಕೊಡುತ್ತಾರೆ. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ನೋವು ತರುವ ಕೆಲಸವನ್ನು ಮಾಡಿಬಿಟ್ಟಿದ್ದರೆ? ಗುರುಗಳ ಮುಂದೆಯೋ ತಿಳಿದ ಸಂಗಡಿಗರ ಮುಂದೆಯೋ ಹೇಳಿಕೊಂಡು ಇನ್ನು ಮುಂದೆ ಎಚ್ಚರವಾಗಿರು ಎನ್ನುತ್ತಾರೆ. ತಪ್ಪು ಮಾಡಿದವನಿಗೆ ಅವರು ಆಣೆ ಹಾಕಿಸುವುದಿಲ್ಲ. ಹೋಗಿ ಹೇಳಿಕೊಳ್ಳಲು ಒಂದು ಜಾಗ ತೋರಿಸುತ್ತಾರೆ.

ಆ ಜಾಗದಲ್ಲಿ ಒಬ್ಬರು ಇರಬೇಕಲ್ಲ? ತಿಳಿದವರು, ಕೇಳಿ ನಡುಗದವರು, ಕೇಳಿ ಊರಿಗೆ ಹೇಳದವರು. ಇಷ್ಟು ವರ್ಷ ಈ ಸುತ್ತ ಓದುವಾಗ ನಾನು ನನ್ನನ್ನು ರಾಹುಲನ ಜಾಗದಲ್ಲೋ, ಸಲೀಸಾಗಿ ಭಗವಾನರ ಜಾಗದಲ್ಲೋ ಇಟ್ಟುಕೊಳ್ಳುತ್ತಿದ್ದೆ. ಹೇಳಿಕೊಳ್ಳಲು ಬಂದವನಿಗೆ ಕಿವಿಯಾಗಬೇಕಾದ ಸಂಗಡಿಗಳ ಜಾಗದಲ್ಲಿ ಒಮ್ಮೆಯೂ ಇಟ್ಟುಕೊಂಡಿರಲಿಲ್ಲ.

ಅಶೋಕನು ಬೈರಾಟಿನ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಕೇಳಿ ಮನನ ಮಾಡಬೇಕಾದ ಏಳು ಧಮ್ಮಪಾಠಗಳ ಪಟ್ಟಿ ಕೊಟ್ಟಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಪಾಠ ಅದರಲ್ಲಿದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲೂ ಸತ್ಯ ನುಡಿಯಬೇಕೆಂಬ ಆದೇಶವಿದೆ, ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು ಎಂಬ ಮಾತುಗಳ ಜೊತೆಯಲ್ಲೇ. ತರಗತಿಯಲ್ಲಿ ಈ ಶಾಸನವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಸತ್ಯವನ್ನು ದಯೆಯ ಪಕ್ಕದಲ್ಲಿ ಇಟ್ಟದ್ದು ಯಾಕೆ ಎಂದು ಯೋಚಿಸಿದ್ದು ಆಟಿಯ ಆ ರಾತ್ರಿಯ ನಂತರ. ದಯೆ ಇಲ್ಲದ ಮನೆಯಲ್ಲಿ ಸತ್ಯ ಹೇಳು ಎಂದರೆ ಅದನ್ನು ಯಾರು ಹೇಳುತ್ತಾರೆ?

*ಎರಡನೆಯ ಸಲ*

ಮತ್ತೆ ಹೋದೆವು. ಈ ಸಲ ಅಕ್ಕನನ್ನು ಮೊದಲೇ ಕೂರಿಸಿಕೊಂಡು, "ನಿನ್ನ ತಲೆ ಮೇಲಿನ ಆಣೆಯನ್ನು ನೀನೇ ವಾಪಸ್ ತೆಗೆದುಕೋ" ಎಂದೆ. ಅವಳು ಮಗನ ಕೈ ಹಿಡಿದು, "ಆಣೆ ಇಲ್ಲ, ಹೋಗು" ಎಂದಳು. ಡಾಕ್ಟರು ಆ ಪ್ರಶ್ನೆ ಕೇಳುವ ಮೊದಲು ನಾವಿಬ್ಬರೂ ಎದ್ದು ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಅವನು ಏನು ಹೇಳಿದನೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೊನೆಯ ಮಾತ್ರೆ ಅಂದು ಸಂಜೆ ನಾಲ್ಕಕ್ಕೆ ಎಂದು ಹೇಳಿದನಂತೆ. ಹಾಗಾದರೆ ಈಗ ಮದ್ದಿಲ್ಲ, ಕಾಯೋಣ ಎಂದರು.

ಆ ರಾತ್ರಿ ಉದ್ದವಾಗಿತ್ತು. ಮೊದಲು ಆಕಳಿಕೆ ಬಂತು. ಅಳದೆಯೇ ಕಣ್ಣಲ್ಲಿ ನೀರು. ಕಾಲುಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ನರ್ಸ್ ಬಂದು ಪಾಪೆ ನೋಡಿ, ನಾಡಿ ಹಿಡಿದು ಅಂಕ ಬರೆದು ಹೋಗುತ್ತಿದ್ದರು. ವಾಂತಿಗೆ, ಹೊಟ್ಟೆನೋವಿಗೆ ಬೇರೆ ಮದ್ದು ಕೊಟ್ಟರು. ನೀರು ಕುಡಿಸುತ್ತಲೇ ಇರಿ ಎಂದರು. "ಚಿಕ್ಕಮ್ಮ, ಒಂದೇ ಒಂದು ಮಾತ್ರೆ ಎಲ್ಲಾದರೂ ಸಿಗುತ್ತದಾ?" ಎಂದು ಎರಡು ಸಲ ಕೇಳಿದ. ಹಿಂದಿನ ನಾನಾಗಿದ್ದರೆ ನಾಚಿಕೆ ಆಗುವುದಿಲ್ಲವಾ ಎನ್ನುತ್ತಿದ್ದೆ. ಆ ರಾತ್ರಿ, "ಕೇಳಿದ್ದು ಒಳ್ಳೆಯದಾಯಿತು, ಬೆಳಿಗ್ಗೆವರೆಗೆ ನಾನು ಇಲ್ಲೇ ಇದ್ದೇನೆ" ಎಂದೆ.

ಮಂಗಳೂರಿನಲ್ಲೇ ಇದ್ದುದರಿಂದಲೋ ಏನೋ, ಕದ್ರಿಯ ಲೋಕೇಶ್ವರ ನೆನಪಾದ. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಮೂರ್ತಿ ಅದು. ಅವನು ಅವಲೋಕಿತೇಶ್ವರನೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಲೋಕದ ದುಃಖದ ಕಡೆಗೆ ಮುಖ ಮಾಡಿ ನೋಡುವವನು ಎಂದು ಅವನ ಹೆಸರು. ಮುಖ ತಿರುಗಿಸದೆ ನೋಡುವುದೂ ಒಂದು ಸೇವೆ ಎಂದು ಆ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕೂತು ಕಲಿತೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಕ ಸಾಕಷ್ಟು ಏರಿತ್ತು. ನಾಲಿಗೆಯಡಿ ಸಣ್ಣ ಪ್ರಮಾಣ ಇಟ್ಟರು. ನಾನು ಗಡಿಯಾರ ನೋಡುತ್ತಾ ಅಕ್ಕನ ಕೈ ಗಟ್ಟಿ ಹಿಡಿದಿದ್ದೆ. ಅರ್ಧ ಗಂಟೆ, ಒಂದು ಗಂಟೆ. ಕಾಲುಗಳು ನಿಂತವು. ಇನ್ನಷ್ಟು ಕೊಟ್ಟರು. ಮಧ್ಯಾಹ್ನ ಅವನು, "ಗಂಜಿ ಉಂಟಾ?" ಎಂದು ಕೇಳಿದ. ಅದೇ ಮದ್ದು. ಏಳು ತಿಂಗಳ ಹಿಂದೆ ವಿಷವಾಗಿ ಕಂಡ ಅದೇ ಮದ್ದು.

ಆಮೇಲೆ ಎಲ್ಲ ಸುಸೂತ್ರ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಮೂರನೆಯ ತಿಂಗಳಲ್ಲಿ ಒಮ್ಮೆ ಜಾರಿದ. ಆದರೆ ಮರುದಿನ ತಾನೇ ಫೋನ್ ಮಾಡಿ ಹೇಳಿದ. ಹೇಳಿದ್ದರಿಂದ ಡಾಕ್ಟರ ಬಳಿ ಹೋಗಲು ಸಾಧ್ಯವಾಯಿತು. ಈಗಲೂ ಮದ್ದು ನಡೆಯುತ್ತಿದೆ. ಕೆಲಸಕ್ಕೂ ಹೋಗುತ್ತಿದ್ದಾನೆ.

*ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತಲ್ಲವೇ?*

ಬಳಗದಲ್ಲೇ ಒಬ್ಬರು ಹೀಗೆ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಭಗವಾನರ ತೆಪ್ಪದ ಹೋಲಿಕೆ ನಮಗೆಲ್ಲ ಗೊತ್ತು. ದಡ ಸೇರಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗಬೇಡ ಎನ್ನುತ್ತಾರೆ. ನಡು ಹೊಳೆಯಲ್ಲಿ ತೆಪ್ಪ ಬಿಡು ಎಂದು ಅವರು ಎಲ್ಲೂ ಹೇಳಲಿಲ್ಲ. ದಡ ಬಂತೋ ಇಲ್ಲವೋ ಎನ್ನುವುದು ತೆಪ್ಪದಲ್ಲಿ ಇರುವವನಿಗೂ ಅವನ ವೈದ್ಯರಿಗೂ ಬಿಟ್ಟದ್ದು. ದಡದಲ್ಲಿ ನಿಂತ ನಾವು ಕೂಗಿ ಹೇಳುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ಮದ್ದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಈ ಚಿಕಿತ್ಸೆಯಲ್ಲಿ ಉಳಿದವರಿಗೆ ಸಾವಿನ ಅಪಾಯ ಬಹಳ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ.

ಅರ್ಧದಲ್ಲಿ ಬಿಡಿಸುವವರು ಇನ್ನೊಂದು ಮಾತು ತಿಳಿದಿರಬೇಕು. ಕೆಲವು ದಿನ ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮತ್ತೆ ಹಳೆಯಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮದ್ಯವೋ ನಿದ್ದೆ ಮಾತ್ರೆಯೋ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಆ ರಾತ್ರಿ ನಾವು ಅವನನ್ನು ಮನೆಗೆ ಕರೆತಂದಾಗ ಇದು ನಮಗೆ ಗೊತ್ತಿರಲಿಲ್ಲ. ಅವನು ಉಳಿದದ್ದು ನಮ್ಮ ಜಾಣತನದಿಂದಲ್ಲ.

*ಇಂದಿನ ಅಭ್ಯಾಸ*

ಇಂದು ಬೆಳಿಗ್ಗೆ ಶೀಲ ಹೇಳುವಾಗ ನಾಲ್ಕನೆಯದರಲ್ಲಿ ಸ್ವಲ್ಪ ನಿಲ್ಲೋಣ. ನಾನು ಸುಳ್ಳು ಹೇಳುವುದಿಲ್ಲ ಎಂದ ಮೇಲೆ, ನನ್ನ ಮುಂದೆ ಯಾರೂ ಸುಳ್ಳು ಹೇಳಬೇಕಾದ ಪರಿಸ್ಥಿತಿ ತರುವುದಿಲ್ಲ ಎಂದು ಮನಸ್ಸಿನಲ್ಲೇ ಸೇರಿಸಿಕೊಳ್ಳೋಣ.

ಮಗನನ್ನೋ ವಿದ್ಯಾರ್ಥಿಯನ್ನೋ ಗಂಡನನ್ನೋ ಇಂದು ಒಂದು ಕಷ್ಟದ ಪ್ರಶ್ನೆ ಕೇಳಬೇಕಾದರೆ ನಾಲ್ಕು ಜನರ ಮುಂದೆ ಕೇಳಬೇಡಿ. ಯಾರಾದರೂ ನಿಜ ಹೇಳಿದರೆ ಮೊದಲ ಒಂದು ನಿಮಿಷ ಏನೂ ಹೇಳಬೇಡಿ. ಆಮೇಲೆ, "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಉಳಿದದ್ದು ಆಮೇಲೆ.

ನಿಮ್ಮ ಮನೆಯಲ್ಲಿ ಇಂಥ ಕಷ್ಟ ಇದ್ದರೆ ನೀವೇ ಮದ್ದು ತಂದು ಶುರು ಮಾಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ವೈದ್ಯರ ಬಳಿಗೆ ಹೋಗಿ. ಆ ಪ್ರಶ್ನೆ ಬಂದಾಗ ಎದ್ದು ಹೊರಗೆ ಬನ್ನಿ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ. ಯಾರಲ್ಲಿ ಹೇಳಲಿ ಎಂದು ತೋಚದಿದ್ದರೆ ಬಳಗದಲ್ಲಿ ನನ್ನ ನಂಬರ್ ಇದೆ. ಗುಂಪಿನಲ್ಲಿ ಬರೆಯಬೇಡಿ, ನನಗೊಬ್ಬಳಿಗೇ ಬರೆಯಿರಿ. ರಾತ್ರಿ ಹತ್ತಾದರೂ ಪರವಾಗಿಲ್ಲ.

ಇಂದು ಎಲ್ಲೋ ಒಂದು ವರಾಂಡದಲ್ಲಿ ಕಾಯುತ್ತಾ ನಡುಗುತ್ತಿರುವವರಿಗೆ ಶಾಂತಿ ಸಿಗಲಿ. ಅವರ ಪಕ್ಕದಲ್ಲಿ ಕೂತವರಿಗೆ ತಾಳ್ಮೆ ಸಿಗಲಿ. ಎಲ್ಲರಿಗೂ ಮಂಗಲವಾಗಲಿ.

ನಮೋ ಬುದ್ಧಾಯ. ಜೈ ಭೀಮ್. 🙏

(ನಾಳೆಯ ಚಿಂತನೆ: ಐದನೆಯ ಶೀಲ. ಬೇರೊಬ್ಬರು ಬರೆಯುತ್ತಾರೆ.)